ಹಳೆಯ ಕಾರಿನೊಳಗಿನ ಮರವನ್ನು ಉಳಿಸಿಕೊಳ್ಳುವುದು ಹೇಗೆ

ಕಲಬುರಗಿಯಲ್ಲಿ ಬಾಗಿಲು, ಅಲಮಾರಿಗಳಿಗೆ ಪಾಲಿಶ್ ಮಾಡುವುದು ನನ್ನ ಕಸುಬು. ಈಚೆಗೆ ಹಳೆಯ ಕಾರುಗಳ ಮರದ ಪಟ್ಟಿಗಳೂ ಕೈಗೆ ಬರುತ್ತಿವೆ. ಹೆಚ್ಚಿನವು 1995ರಿಂದ ಪುಣೆಯಲ್ಲಿ ತಯಾರಾದ ಮರ್ಸಿಡಿಸ್ ಇ220 ಕಾರಿನವು. ತಂದವರು "ಮರ ಸೀಳಿದೆ, ಬೇರೆ ಹಾಕಿಬಿಡಿ" ಎನ್ನುತ್ತಾರೆ. ಬಹಳಷ್ಟು ಸಲ ಸೀಳಿರುವುದು ಮೇಲಿನ ವಾರ್ನಿಷ್ ಮಾತ್ರ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಗಾಜು ಮುಚ್ಚಿದ ಕಾರಿನೊಳಗೆ 60 ದಾಟುತ್ತದೆ. ಗಡಸಾದ ವಾರ್ನಿಷ್ ಹಿಗ್ಗಿ ಕುಗ್ಗಿ ಬಿರಿಯುತ್ತದೆ, ಅಡಿಯ ಮರ ಹಾಗೆಯೇ ಇರುತ್ತದೆ. ಅದನ್ನು ಕಿತ್ತೆಸೆಯಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಪಟ್ಟಿಯ ಹಿಂಬದಿ ಮತ್ತು ಅಂಚು ನೋಡಿ. ಪ್ಲಾಸ್ಟಿಕ್ ಮೇಲೆ ಮರದ ಚಿತ್ರ ಅಂಟಿಸಿದ್ದಾದರೆ ಈ ಕೆಲಸ ಅದಕ್ಕಲ್ಲ. ಉಜ್ಜಿದರೆ ಚಿತ್ರವೇ ಹೋಗುತ್ತದೆ; ಅಂಥದ್ದನ್ನು ಬದಲಿಸುವುದೇ ಸರಿ. ನಿಜವಾದ ಮರವಾದರೆ ಅಂಚಿನಲ್ಲಿ ವಿನೀರ್, ಅಂದರೆ ಮೇಲೆ ಅಂಟಿಸಿದ ಮರದ ತೆಳು ಪದರ ಕಾಣುತ್ತದೆ. ಅದು ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ ಎಂಬುದು ಕೊನೆಯವರೆಗೂ ನೆನಪಿರಲಿ.

ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಹದಿನೈದು ನಿಮಿಷ ಕಾಯಿರಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಸ್ಕ್ರೂ ಡ್ರೈವರ್‌ನಿಂದ ಮೀಟಿದರೆ ಅಂಚು ಸಿಡಿಯುತ್ತದೆ, ಮೀಟಲು ಪ್ಲಾಸ್ಟಿಕ್ ಪಟ್ಟಿಯನ್ನೇ ಬಳಸಿ.

ಹಳೆಯ ವಾರ್ನಿಷ್ ತೆಗೆಯುವುದೇ ನಿಜವಾದ ಕೆಲಸ. ಕಾರ್ಖಾನೆಯ ಲೇಪ ಥಿನ್ನರ್‌ಗೆ ಸುಲಭವಾಗಿ ಕರಗುವುದಿಲ್ಲ. ಹೀಟ್ ಗನ್ ಕಡಿಮೆ ಶಾಖದಲ್ಲಿಟ್ಟು, ಒಂದೆಡೆ ನಿಲ್ಲಿಸದೆ ಆಡಿಸುತ್ತಾ, ಬಿರುಕಿನ ಬಾಯಿಗೆ ಕೆರೆಯುವ ಮೊಂಡು ಪಟ್ಟಿಯನ್ನು ಮರದ ಎಳೆಯ ದಿಕ್ಕಿನಲ್ಲೇ ತೂರಿಸಿ. ಹದ ಸಿಕ್ಕಾಗ ಲೇಪ ಹಪ್ಪಳದ ಚೂರಿನಂತೆ ಟಪ್ಪನೆ ಏಳುತ್ತದೆ. ಶಾಖ ಹೆಚ್ಚಾದರೆ ವಿನೀರ್‌ನ ಅಂಟೇ ಸಡಿಲಗೊಂಡು ಗುಳ್ಳೆ ಏಳುತ್ತದೆ. ಆಗ ತಕ್ಷಣ ಒತ್ತಿ ಹಿಡಿದು ತಣಿಯಲು ಬಿಡಿ. ಉಳಿದ ಕಲೆಯನ್ನು 240, ಆಮೇಲೆ 320 ನಂಬರಿನ ಸ್ಯಾಂಡ್ ಪೇಪರ್‌ನಿಂದ ಕೈಯಲ್ಲೇ ಉಜ್ಜಿ. ಯಂತ್ರ ಬೇಡ. ನಡುನಡುವೆ ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ: ಹೊಸ ಲೇಪ ಹಾಕಿದ ಮೇಲೆ ಮರಕ್ಕೆ ಬರುವ ಬಣ್ಣ ಒಂದು ಕ್ಷಣ ಕಣ್ಣಿಗೆ ಬೀಳುತ್ತದೆ, ಲೇಪ ಉಳಿದ ಜಾಗ ಬೇರೆಯಾಗಿಯೇ ಹೊಳೆಯುತ್ತದೆ. ಜೀಬ್ರಾನೊ ಮರದ ಕಪ್ಪು ಗೆರೆಗಳು ಹಾಗೆ ಎದ್ದು ಬರುವುದನ್ನು ನೋಡಿದರೆ ಹೊಸದು ಹಾಕಿಸುವ ಮಾತನ್ನು ನೀವೇ ಬಿಡುತ್ತೀರಿ.

ನೀರು ಕುಡಿದು ಕೊಳೆತಿದ್ದರೆ ಮಾತ್ರ ವಿನೀರ್ ಬದಲಿಸಿ. ಬಡಿಗರು ಬಳಸುವ ಬಿಳಿ ಅಂಟು ಕಾರಿನ ಶಾಖಕ್ಕೆ ಮೆತ್ತಗಾಗುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿಯನ್ನು ತೆಳ್ಳಗೆ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ದಿನ ಭಾರ ಇಡಿ. ಚಪ್ಪಟೆ ಪಟ್ಟಿಗೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ತುಂಡಿಗಿಂತ ಒಳ್ಳೆಯ ಭಾರ ನಾನು ಕಂಡಿಲ್ಲ. ಬಾಗಿದ ಪಟ್ಟಿಗೆ ಮರಳಿನ ಚೀಲ ಬೇಕು.

ಮನೆಯ ಬಾಗಿಲಿಗೆ ಹಾಕುವ ಫ್ರೆಂಚ್ ಪಾಲಿಶ್ ಇಲ್ಲಿ ಬೇಡ. ಅದು ಅರಗು, ಬಿಸಿಲಿಗೆ ಅಂಟಂಟಾಗುತ್ತದೆ. ಕಾರಿನ ಹೊರಮೈಗೆ ಹೊಡೆಯುವ, ಹಾರ್ಡ್‌ನರ್ ಬೆರೆಸುವ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಸರಿ. ಅದರ ಹೊಗೆಯಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ಸರಿಯಾದ ಮುಖವಾಡ ಇಲ್ಲದವರು ಉಜ್ಜಿ ಸಿದ್ಧಪಡಿಸಿದ ಪಟ್ಟಿಯನ್ನು ಕಾರಿನ ಪೇಂಟರ್‌ಗೆ ಒಯ್ದು ಕೊಡಲಿ. ನಮ್ಮ ಕಡೆ ಈ ಕೆಲಸಕ್ಕೆ ಡಿಸೆಂಬರ್, ಜನವರಿ ಹೇಳಿ ಮಾಡಿಸಿದ ಕಾಲ. ಬೇಸಿಗೆಯಲ್ಲಿ ಲೇಪ ಹರಡಿಕೊಳ್ಳುವ ಮೊದಲೇ ಒಣಗುತ್ತದೆ, ಮಳೆಗಾಲದ ತೇವಕ್ಕೆ ಮಸುಕಾಗುತ್ತದೆ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿಕೊಳ್ಳಿ. ತೆಳ್ಳನೆಯ ಹಲವು ಕೋಟುಗಳಾಗಲಿ. ಪೂರ್ತಿ ಗಟ್ಟಿಯಾದ ಮೇಲೆ 1000, 1500, 2000 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್‌ನಿಂದ ಹೊಳಪು ತನ್ನಿ.

ಒಂದು ವಾರ ನೆರಳಲ್ಲಿಟ್ಟು ಆಮೇಲೆ ಕೂರಿಸಿ. ಹಳೆಯ ಕ್ಲಿಪ್‌ಗಳು ಮುರಿದಿದ್ದರೆ ಹೊಸದನ್ನೇ ಹಾಕಿ. ಅಂಟಿನಿಂದ ಕೂರಿಸಿದ ಪಟ್ಟಿಯನ್ನು ಮುಂದಿನ ಸಲ ಒಡೆಯದೆ ತೆಗೆಯಲಾಗುವುದಿಲ್ಲ.