ರಾಕ್ಸೆಟ್ ತಂಡದ ಮೊದಲ ಆಲ್ಬಮ್: ಹಳೆಯ ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸುವ ಕ್ರಮ

ಸ್ವೀಡನ್‌ನ ಪಾಪ್ ಸಂಗೀತ ತಂಡ ರಾಕ್ಸೆಟ್ ಜಗತ್ತಿಗೆಲ್ಲ ಗೊತ್ತಾದದ್ದು 1988ರ ಎರಡನೇ ಆಲ್ಬಮ್‌ನಿಂದ. ಪೇರ್ ಗೆಸ್ಲೆ ಮತ್ತು ಮಾರಿ ಫ್ರೆಡ್ರಿಕ್ಸನ್ ಜೋಡಿಯ ಮೊದಲ ಆಲ್ಬಮ್ ‘ಪರ್ಲ್ಸ್ ಆಫ್ ಪ್ಯಾಶನ್’ 1986ರಲ್ಲೇ ಬಂದಿತ್ತು. ಅದರ ಹಳೆಯ ಕ್ಯಾಸೆಟ್ ನಿಮ್ಮ ಕಪಾಟಿನಲ್ಲಿದ್ದರೆ ಜತನ ಮಾಡಲೇಬೇಕು. ಅದಕ್ಕೆ ಮುಖ್ಯವಾದದ್ದು ಸಾಫ್ಟ್‌ವೇರ್ ಅಲ್ಲ, ಟೇಪ್ ಡೆಕ್ಕಿನ ಹೆಡ್ಡು, ಅಂದರೆ ರೀಲಿನಿಂದ ದನಿ ಓದುವ ಭಾಗ. ಹೆಡ್ಡು ಓರೆಯಾಗಿದ್ದು ಕಳೆದುಹೋದ ಸಣ್ಣ (ಎತ್ತರದ ಶ್ರುತಿಯ) ದನಿಗಳನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಮರಳಿ ತರುವುದಿಲ್ಲ.

ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಬೆಳಗಾವಿಯ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ರೀಲಿನ ಅಂಚಿಗೆ ಬಿಳಿ ಪುಡಿಯಂತೆ ಬೂಷ್ಟು ಹಿಡಿದಿರುತ್ತದೆ. ಅದನ್ನು ಹಾಗೇ ಡೆಕ್ಕಿಗೆ ಹಾಕಿದರೆ ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಬಿಸಿಲಿಗೆ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ವಿಜಯಪುರ, ಬಾಗಲಕೋಟೆ ಕಡೆಯ ಬೇಸಿಗೆಗೆ ತೊಂದರೆಯೇ ಬೇರೆ. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಫೆಲ್ಟ್ ತುಂಡು, ಗೋಂದು ಒಣಗಿ ಉದುರಿರುತ್ತದೆ. ಅದಿಲ್ಲದಿದ್ದರೆ ದನಿ ಮಂಕಾಗಿ, ಏರಿಳಿಯುತ್ತ ಬರುತ್ತದೆ. ಐದು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ ಬಿಚ್ಚಿ, ನಿಮ್ಮ ರೀಲನ್ನು ಅದರ ಗೂಡಿಗೆ ವರ್ಗಾಯಿಸುವುದೇ ಸುಲಭ. ರೀಲಿನ ಮೈಗೆ ಬೆರಳು ತಾಗಿಸಬೇಡಿ.

ಈಗ ಡೆಕ್ಕು. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಇಯರ್ ಬಡ್ಡಿಗೆ ಹಚ್ಚಿ ಹೆಡ್ಡನ್ನೂ ಪಕ್ಕದ ಉಕ್ಕಿನ ಕಡ್ಡಿಯನ್ನೂ ಒರೆಸಿ, ಬಡ್ಡಿಗೆ ಕಂದು ಬಣ್ಣ ಹತ್ತುವುದು ನಿಲ್ಲುವ ತನಕ. ರಬ್ಬರ್ ಗಾಲಿಗೆ ಸಾಬೂನು ನೀರು ಸಾಕು. ಆಲ್ಕೋಹಾಲ್ ಅದನ್ನು ಬಿರುಸಾಗಿಸುತ್ತದೆ.

ಹೆಡ್ಡಿನ ಒಂದು ಬದಿಗೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಸ್ಕ್ರೂ ಇರುತ್ತದೆ, ಸಾಮಾನ್ಯವಾಗಿ ಬಣ್ಣದ ಚುಕ್ಕೆಯೊಂದಿಗೆ. ಹೆಡ್ಡಿನ ಓರೆ ಸರಿಪಡಿಸುವುದು ಇದರಿಂದಲೇ. ಹಾಡು ಹಚ್ಚಿ, ಎಡ ಬಲ ಎರಡೂ ಸೇರಿ ಮೊನೊ ಆಗಿ ಕೇಳುವಂತೆ ಮಾಡಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ತಿರುಗಿಸುತ್ತ ಹೋಗಿ. ಡ್ರಮ್ಮಿನ ಹೈ-ಹ್ಯಾಟ್ (ಜೋಡಿ ತಾಳ) ಒಮ್ಮೆಲೇ ಸ್ಪಷ್ಟವಾಗುವ ಜಾಗವೇ ಸರಿಯಾದ ಜಾಗ. ಮೊನೊ ಯಾಕೆಂದರೆ, ಹೆಡ್ಡು ಓರೆಯಿದ್ದಾಗ ಎರಡು ಕಡೆಯ ಸಣ್ಣ ದನಿಗಳು ಒಂದನ್ನೊಂದು ಅಳಿಸುತ್ತವೆ, ಕಿವಿಗೆ ವ್ಯತ್ಯಾಸ ಬೇಗ ಸಿಗುತ್ತದೆ. ಸ್ಕ್ರೂ ಮೊದಲಿದ್ದ ಜಾಗ ಗುರುತು ಹಾಕಿಕೊಳ್ಳಲು ಮರೆಯಬೇಡಿ.

ವೇಗವನ್ನೂ ನೋಡಿ. ಸಿ.ಡಿ.ಯಲ್ಲಿ 3 ನಿಮಿಷ 30 ಸೆಕೆಂಡಿನ ಹಾಡು ಕ್ಯಾಸೆಟ್‌ನಲ್ಲಿ 3 ನಿಮಿಷ 36 ಸೆಕೆಂಡು ಓಡಿದರೆ, ಶ್ರುತಿ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರದ ಅರ್ಧದಷ್ಟು ಇಳಿದಿದೆ ಎಂದರ್ಥ. ಬಹಳ ಸಲ ಕಾರಣ ಸಡಿಲಾದ ಬೆಲ್ಟು.

ಜೋಡಣೆಯಲ್ಲಿ ಎಡವುವವರು ಹೆಚ್ಚು. ಡೆಕ್ಕಿನಿಂದ ದನಿ ಹೊರಬರುವ ಲೈನ್ ಔಟನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿದರೆ ಬರುವುದು ಬಹುಪಾಲು ಒಂದೇ ಚಾನೆಲ್, ಅದೂ ಒಡೆದ ದನಿ. ಅಗ್ಗದ ಯು.ಎಸ್.ಬಿ. ಸೌಂಡ್ ಕಾರ್ಡುಗಳೂ ಹಾಗೇ. ಸ್ಟೀರಿಯೊ ಲೈನ್-ಇನ್ ಇರುವುದನ್ನೇ ಕೊಳ್ಳಿ. ಕ್ಯಾಸೆಟ್ ಮೇಲೆ ಡಾಲ್ಬಿ (ರೀಲಿನ ‘ಹಿಸ್ಸ್’ ಸದ್ದು ತಗ್ಗಿಸುವ ವ್ಯವಸ್ಥೆ) ಗುರುತಿದ್ದರೆ ಡೆಕ್ಕಿನಲ್ಲೂ ಅದೇ ಸ್ವಿಚ್ ಹಾಕಿ, ಇಲ್ಲದಿದ್ದರೆ ಹಾಕಬೇಡಿ.

ರೀಲನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಬಿಗಿ ಸಡಿಲಾಗಲಿ. ದನಿ ಮುದ್ರಿಸುವ ತಂತ್ರಾಂಶ ಆಡಾಸಿಟಿಯಲ್ಲಿ 44,100 ಹರ್ಟ್ಜ್, 24 ಬಿಟ್, ಸ್ಟೀರಿಯೊ ಇಟ್ಟು, ಅತಿ ಜೋರಾದ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ನಿಮಿಷಕ್ಕೆ ಸುಮಾರು 16 ಎಂ.ಬಿ. ಜಾಗ ಬೇಕು. ಅದರಲ್ಲಿ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಬೇಡಿ: ಈ ಆಲ್ಬಮ್‌ನ ಸಿಂಥಸೈಸರ್ ಮಿಂಚು, ಮಾರಿಯ ಉಸಿರು ಎರಡೂ ಆ ‘ಹಿಸ್ಸ್’ ಇರುವ ಎತ್ತರದಲ್ಲೇ ಇವೆ. ಸ್ವಲ್ಪ ಸದ್ದು ಉಳಿದರೆ ಉಳಿಯಲಿ.

12 ಹಾಡುಗಳನ್ನು ಬಿಡಿಸಿ ದನಿ ಕೆಡದಂತೆ ಫೈಲ್ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಹೆಸರು ಕೊಡುವಾಗ ಒಂದು ಎಚ್ಚರ: ಇದರ ‘ಸೋಲ್ ಡೀಪ್’ ಹಾಡು 1991ರ ‘ಜಾಯ್‌ರೈಡ್’ ಆಲ್ಬಮ್‌ನಲ್ಲಿ ಹೊಸ ರೂಪದಲ್ಲಿ ಬಂದಿದೆ. ತಾನಾಗಿ ಹೆಸರು ತುಂಬುವ ತಂತ್ರಾಂಶಗಳು ಅಲ್ಲಿ ತಪ್ಪಬಹುದು, ವರ್ಷವನ್ನು ಕೈಯಿಂದಲೇ 1986 ಎಂದು ತುಂಬಿ.