ಜರ್ಮನಿಗೆ ಬಂದ ಕಲಬುರಗಿ ಕಡೆಯವರಿಗೆ: ಮೊದಲ ಕಂಪ್ಯೂಟರ್ ನೀವೇ ಜೋಡಿಸುವಾಗ

ಕಲಬುರಗಿಯಲ್ಲಿ ಕಂಪ್ಯೂಟರ್ ತಗೊಳ್ಳುವ ರೀತಿ ನಮಗೆಲ್ಲ ಗೊತ್ತು. ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಪರಿಚಯದ ಅಂಗಡಿಗೆ ಹೋಗುತ್ತೇವೆ. ಇಷ್ಟು ದುಡ್ಡಿದೆ, ಹುಡುಗನ ಓದಿಗೆ ಬೇಕು ಅನ್ನುತ್ತೇವೆ. ಅಂಗಡಿಯಣ್ಣ ಚಹಾ ತರಿಸಿ, ಒಂದು ಚೀಟಿಯಲ್ಲಿ ಪಟ್ಟಿ ಬರೆದು, ಸಂಜೆಯೊಳಗೆ ಜೋಡಿಸಿ ಕೊಡುತ್ತಾನೆ. ಆರು ತಿಂಗಳಿಗೆ ಕೆಟ್ಟರೆ ಗಾಡಿ ಮೇಲೆ ಇಟ್ಟುಕೊಂಡು ಮತ್ತೆ ಅವನ ಹತ್ತಿರವೇ ಹೋಗುತ್ತೇವೆ. ಯಾವ ಭಾಗ ಕೆಟ್ಟಿದೆ, ಯಾರಿಗೆ ಕಳಿಸಬೇಕು ಅನ್ನುವುದನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ.

ಜರ್ಮನಿಯಲ್ಲಿ ಆ ಅಣ್ಣನ ಜಾಗದಲ್ಲಿ ಇರುವುದು ಕಾಗದ. ಬಿಲ್ಲು, ಅದರ ಮೇಲಿನ ತಾರೀಖು, ಕಾನೂನಿನ ಎರಡು ಮೂರು ಸಾಲು. ಇವು ಗೊತ್ತಿದ್ದರೆ ಇಲ್ಲಿ ನಿಮ್ಮ ದುಡ್ಡು ಊರಿಗಿಂತ ಭದ್ರ. ನಾನು ಡಾರ್ಟ್‌ಮುಂಡ್‌ಗೆ ಬಂದ ಮೊದಲ ವರ್ಷ ಗೊತ್ತಿರಲಿಲ್ಲ, ಸುಮ್ನೆ ಕಳೆದುಕೊಂಡೆ. ಈಗ ಹುಮನಾಬಾದಿನ ನಮ್ಮ ಕಾಕಾನ ಮಗಳು ಕೆಮ್ನಿಟ್ಸ್‌ಗೆ ಓದಲು ಬಂದಿದ್ದಾಳೆ. "ಅಣ್ಣಾ, ನಾನೇ ಒಂದು ಪಿಸಿ ಜೋಡಸ್ಲೇನು?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎತ್ತಿನ ಜೋಡಿ ಸಮ ಇರಬೇಕು

ಬಂಡಿಗೆ ಒಂದು ಕಡೆ ಗಟ್ಟಿ ಎತ್ತು, ಇನ್ನೊಂದು ಕಡೆ ಬಡಕಲು ಎತ್ತು ಕಟ್ಟಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನನ್ನ ಮೊದಲ ಪಿಸಿ ಹಾಗೇ ಇತ್ತು. ಅರ್ಧಕ್ಕಿಂತ ಜಾಸ್ತಿ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿದೆ. ಉಳಿದದ್ದರಲ್ಲಿ ಒಂದೇ ಒಂದು ರ‍್ಯಾಮ್ ಸ್ಟಿಕ್, ಎಲ್ಲ ಭಾಗಕ್ಕೂ ಕರೆಂಟು ಕೊಡುವ, ಸಿಕ್ಕ ಅಗ್ಗದ ಎಸ್‌ಎಂಪಿಎಸ್. ಭಾರದ ಕೆಲಸ ಕೊಟ್ಟ ತಕ್ಷಣ ಯಂತ್ರ ಪಟ್ ಅಂತ ಆಫ್ ಆಗುತ್ತಿತ್ತು. ಎರಡು ತಿಂಗಳು ವಿಂಡೋಸ್ ಮತ್ತೆ ಮತ್ತೆ ಹಾಕಿ ನೋಡಿದೆ. ಎಸ್‌ಎಂಪಿಎಸ್ ಬದಲಿಸಿದ ದಿನವೇ ಸರಿಹೋಯಿತು.

ಹಾಗಾಗಿ ಮೊದಲ ಪ್ರಶ್ನೆ: ಯಂತ್ರ ಏನು ಕೆಲಸ ಮಾಡಬೇಕು? ತಂಗಿಯ ಕೋರ್ಸ್ ಮಷಿನ್ ಲರ್ನಿಂಗ್, ಅಂದರೆ ಕಂಪ್ಯೂಟರಿಗೆ ಮಾಹಿತಿಯಿಂದ ಕಲಿಸುವುದು. ಅವಳ ಮೊದಲ ಪಟ್ಟಿಯಲ್ಲಿ ದುಬಾರಿ ಪ್ರೊಸೆಸರ್ ಇತ್ತು, ಗ್ರಾಫಿಕ್ಸ್ ಕಾರ್ಡ್ ಮಾತ್ರ 8 ಜಿಬಿಯದು. ಅವಳ ಕೆಲಸಕ್ಕೆ ಇದು ತಲೆಕೆಳಗು. ಹಾಗೆ ಕಲಿಸುವ ಮಾಡೆಲ್, ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಸಲಿಲ್ಲ ಅಂದರೆ ಪ್ರೊಸೆಸರ್ ಎಷ್ಟೇ ಜೋರಿದ್ದರೂ ಪ್ರಯೋಜನ ಇಲ್ಲ. ಪ್ರೊಸೆಸರನ್ನು ಆರು ಕೋರಿನ ರೈಜನ್ 5ಕ್ಕೆ ಇಳಿಸಿದೆವು. ಉಳಿದ ದುಡ್ಡಲ್ಲಿ ಎನ್‌ವಿಡಿಯಾದ 5060 ಟಿಐ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯದು ಬಂತು. ಇದೇ ಹೆಸರಿನಲ್ಲಿ 8 ಜಿಬಿ ಕಾರ್ಡೂ ಇದೆ. ತಗೊಳ್ಳುವಾಗ ನೋಡಿಕೊಳ್ಳಿ. ಬರೀ ಕೋಡಿಂಗ್, ಓದು, ಸಿನಿಮಾ ಇಷ್ಟೇ ಆದರೆ ಕಾರ್ಡೇ ಬೇಡ. ರೈಜನ್ 7000 ಸಾಲಿನ ಪ್ರೊಸೆಸರ್‌ಗಳಲ್ಲಿ ಚಿಕ್ಕ ಗ್ರಾಫಿಕ್ಸ್ ಒಳಗೇ ಇರುತ್ತದೆ. ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಮಾತ್ರ ಇರುವುದಿಲ್ಲ.

ಮದರ್‌ಬೋರ್ಡ್ ವಿಷಯದಲ್ಲಿ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವುದನ್ನು ಆರಿಸಿ ಅನ್ನುತ್ತೇನೆ. 2022ರಲ್ಲಿ ಬಂದದ್ದು. 2027ರವರೆಗಾದರೂ ಇದಕ್ಕೆ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ರೈಜನ್ ತಯಾರಿಸುವ ಎಎಂಡಿ ಹೇಳಿದೆ. ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸಬಹುದು. ಇದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ಗೆಳೆಯರು ಕೊಟ್ಟ ಹಳೆಯ ಡಿಡಿಆರ್4 ಸ್ಟಿಕ್ ಒತ್ತಿ ಕೂರಿಸಲು ಹೋಗಬೇಡಿ, ಅದರ ಕಚ್ಚೇ ಬೇರೆ ಜಾಗದಲ್ಲಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗುತ್ತಿರುವುದರಿಂದ. ಕೈ ಬಿಗಿ ಇದ್ದರೂ ಒಂದು ಸ್ಟಿಕ್ ಬದಲು ಎರಡು ಸ್ಟಿಕ್‌ನ ಜೋಡಿಯನ್ನೇ ತಗೊಳ್ಳಿ. ಎರಡಿದ್ದರೆ ಪ್ರೊಸೆಸರ್ ಎರಡೂ ದಾರಿಯಿಂದ ಒಟ್ಟಿಗೆ ಓದುತ್ತದೆ. ನಾಲ್ಕು ಸ್ಲಾಟಿನ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಬೇಕು. ಬಯೋಸ್‌ನಲ್ಲಿ ಎಕ್ಸ್‌ಪೋ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ.

ಎಸ್‌ಎಂಪಿಎಸ್ ಲೆಕ್ಕ ಸುಲಭ. ಅವಳ ಕಾರ್ಡ್ 180 ವಾಟ್. ಪ್ರೊಸೆಸರ್ ಮೇಲೆ 65 ಅಂತ ಬರೆದಿದ್ದರೂ ಪೂರ್ತಿ ಕೆಲಸದಲ್ಲಿ 90ರ ಹತ್ತಿರ ಹೋಗುತ್ತದೆ. ಬೋರ್ಡು, ಡಿಸ್ಕು, ಫ್ಯಾನು ಸೇರಿ 50 ಅನ್ನಿ. ಒಟ್ಟು 320. ಅದಕ್ಕೆ 550ರಿಂದ 650 ವಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಸಾಕು. 1000 ವಾಟ್ ಬೇಡವೇ ಬೇಡ. ಡಬ್ಬಿ ಮೇಲಿನ ಗೋಲ್ಡ್ ಅನ್ನುವ ಗುರುತು ಕರೆಂಟು ಎಷ್ಟು ಪೋಲಾಗುತ್ತದೆ ಅಂತ ಮಾತ್ರ ಹೇಳುತ್ತದೆ. ಒಳಗಿನ ಗಟ್ಟಿತನ ತಿಳಿಯಲು ಪರೀಕ್ಷೆ ಮಾಡಿದವರ ಬರಹ ಓದಬೇಕು. ಇನ್ನೊಂದು ಮಾತು. ಒಂದು ಎಸ್‌ಎಂಪಿಎಸ್‌ನ ಕೇಬಲ್ ಇನ್ನೊಂದಕ್ಕೆ ಯಾವತ್ತೂ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗೆ ತಂತಿಗಳ ಕ್ರಮ ಬೇರೆ ಇರಬಹುದು, ಡಿಸ್ಕು ಸುಟ್ಟು ಹೋಗುತ್ತದೆ.

ಕರೆಂಟು ಇಲ್ಲಿ ದುಬಾರಿ. ನನ್ನ ಬಿಲ್ಲಿನಲ್ಲಿ ಯೂನಿಟ್‌ಗೆ ಸುಮಾರು 35 ಸೆಂಟ್. ದಿನಕ್ಕೆ ನಾಲ್ಕು ಗಂಟೆ 300 ವಾಟ್ ಎಳೆದರೆ ತಿಂಗಳಿಗೆ 12 ಯೂರೋ ದಾಟುತ್ತದೆ. ಬೇಡದ ಶಕ್ತಿ ಕೊಂಡರೆ ಪ್ರತಿ ತಿಂಗಳೂ ಕಟ್ಟಬೇಕು.

ಕೊಳ್ಳುವುದು, ಕೆಟ್ಟಾಗ ಕೇಳುವುದು

ಬೆಲೆ ನೋಡಲು ಇಲ್ಲಿಯವರು ಗೈಟ್ಸ್‌ಹಾಲ್ಸ್ ಅನ್ನುವ ತಾಣ ಬಳಸುತ್ತಾರೆ. ಆ ಹೆಸರಿನ ಅರ್ಥವೇ ಜಿಪುಣ. ಯಾವ ಅಂಗಡಿಯಲ್ಲಿ ಎಷ್ಟು, ಕಳೆದ ತಿಂಗಳು ಎಷ್ಟಿತ್ತು ಎಲ್ಲ ಕಾಣುತ್ತದೆ. ತೋರಿಸುವ ಬೆಲೆಯಲ್ಲಿ 19% ತೆರಿಗೆ ಸೇರಿರುತ್ತದೆ. ಪ್ರೊಸೆಸರ್ ಹೆಸರಿನ ಮುಂದೆ 'ಬಾಕ್ಸ್ಡ್', 'ಟ್ರೇ' ಅಂತ ಎರಡು ಬಗೆ ಬರುತ್ತದೆ. ಬಾಕ್ಸ್ಡ್ ಕಂಪನಿಯ ಡಬ್ಬಿಯಲ್ಲಿ ಬರುತ್ತದೆ, ಟ್ರೇ ಬಿಡಿಯಾಗಿ. ಟ್ರೇ ಸ್ವಲ್ಪ ಅಗ್ಗ. ಅದರಲ್ಲಿ ಕೂಲರ್ ಇರುವುದಿಲ್ಲ, ಎಎಂಡಿ ಕಂಪನಿಯ ಮೂರು ವರ್ಷದ ವಾರಂಟಿಯೂ ಇರುವುದಿಲ್ಲ. ಮೊದಲ ಸಲ ಜೋಡಿಸುವವರು ಬಾಕ್ಸ್ಡ್ ತಗೊಳ್ಳಿ.

ಈಗ ನಾನು ಕಳೆದುಕೊಂಡ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮೂರು ಬೇರೆ ಬೇರೆ ಹಕ್ಕುಗಳಿವೆ. ಒಂದಕ್ಕೊಂದು ಕಲಸಿಕೊಂಡರೆ ಕೆಲಸ ಕೆಡುತ್ತದೆ.

ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆ ಬೇಡ ಅನ್ನಬಹುದು. ಇದು ವೀಡರ್‌ರೂಫ್. ಸುಮ್ಮನೆ ಪಾರ್ಸೆಲ್ ವಾಪಸ್ ಕಳಿಸಿದರೆ ಸಾಲದು, ಬೇಡ ಅಂತ ಒಂದು ಮೇಲ್ ಸ್ಪಷ್ಟವಾಗಿ ಬರೆಯಬೇಕು. ಕಳಿಸುವ ಖರ್ಚು ನಿಮ್ಮ ಮೇಲೆ ಬೀಳಬಹುದು. ಅಂಗಡಿಯಲ್ಲಿ ನಿಂತು ನೋಡುವಷ್ಟು ನೋಡಬಹುದು, ಅದಕ್ಕಿಂತ ಹೆಚ್ಚು ಬಳಸಿದರೆ ದುಡ್ಡಲ್ಲಿ ಕಡಿತ ಮಾಡಬಹುದು. ಅಂಗಡಿಗೇ ಹೋಗಿ ಕೊಂಡದ್ದಕ್ಕೆ ಈ ಹಕ್ಕು ಇಲ್ಲ, ವಾಪಸ್ ತಗೊಂಡರೆ ಅದು ಅವರ ಒಳ್ಳೆಯತನ.

ಎರಡನೆಯದು ಗೆವೇರ್‌ಲೈಸ್ಟುಂಗ್. ಬಾಯಿ ತಿರುಗದ ಹೆಸರು, ಆದರೆ ಇದನ್ನೇ ನೀವು ಬಾಯಿಪಾಠ ಮಾಡಬೇಕು. ಹೊಸ ಸಾಮಾನಿನಲ್ಲಿ ದೋಷ ಇದ್ದರೆ ಎರಡು ವರ್ಷ ಹೊಣೆ ಮಾರಿದ ಅಂಗಡಿಯದು. ರಿಪೇರಿ ಮಾಡಬೇಕು ಅಥವಾ ಬೇರೆ ಕೊಡಬೇಕು, ಕಳಿಸುವ ಖರ್ಚೂ ಅವರದೇ. 2022ರ ಜನವರಿಯಿಂದ ಮಾಡಿದ ಖರೀದಿಗಳಲ್ಲಿ, ಮೊದಲ 12 ತಿಂಗಳಲ್ಲಿ ದೋಷ ಕಂಡರೆ ಅದು ಮೊದಲಿಂದಲೇ ಇತ್ತು ಅಂತ ಕಾನೂನು ಒಪ್ಪಿಕೊಳ್ಳುತ್ತದೆ. ಇಲ್ಲ ಅನ್ನುವುದಾದರೆ ಅಂಗಡಿಯೇ ತೋರಿಸಿಕೊಡಬೇಕು. ವರ್ಷ ದಾಟಿದ ಮೇಲೆ ತೋರಿಸುವ ಭಾರ ನಿಮ್ಮದು.

ಮೂರನೆಯದು ಗರಾಂಟೀ. ಇದು ತಯಾರಿಸಿದ ಕಂಪನಿ ತಾನಾಗಿ ಕೊಡುವ ಮಾತು, ಅವರ ಷರತ್ತಿನಂತೆ.

ನನ್ನ ಮದರ್‌ಬೋರ್ಡ್ ಏಳನೇ ತಿಂಗಳಿಗೆ ಕೆಟ್ಟಿತು. ಅಂಗಡಿಯವರು "ಕಂಪನಿಗೆ ಬರೆಯಿರಿ" ಅಂದರು. ನಾನು ತಲೆ ಅಲ್ಲಾಡಿಸಿ ಬಂದೆ. ಊರಲ್ಲಿ ಅಂಗಡಿಯಣ್ಣ ಹೇಳಿದ್ದೇ ಕೊನೆ ಅಲ್ವಾ? ಕಂಪನಿ ನಾಲ್ಕು ವಾರ ಎಳೆದು, ಏನೋ ನೆಪ ಹೇಳಿ ತಿರಸ್ಕರಿಸಿತು. ಆವತ್ತು ನಾನು ಹೇಳಬೇಕಿದ್ದದ್ದು ಒಂದೇ ಮಾತು: "ಇದು ಗೆವೇರ್‌ಲೈಸ್ಟುಂಗ್ ಬೇಡಿಕೆ, ಹೊಣೆ ನಿಮ್ಮದು." ಬರಹದಲ್ಲಿ ಕೊಡಿ, ಎರಡು ವಾರದ ಗಡುವು ಹಾಕಿ, ರೆಖ್ನುಂಗ್ ಅಂದರೆ ಬಿಲ್ಲು ಲಗತ್ತಿಸಿ. ಆಮೇಲೂ ಕೇಳದಿದ್ದರೆ ಪ್ರತಿ ರಾಜ್ಯದಲ್ಲೂ ಫರ್‌ಬ್ರಾಉಖರ್‌ತ್ಸೆಂಟ್ರಾಲೆ ಅನ್ನುವ ಗ್ರಾಹಕ ಸಲಹಾ ಕೇಂದ್ರ ಇದೆ, ಅಲ್ಲಿ ಕೇಳಿ. ಮುಂಗಡ ದುಡ್ಡು ಕೇಳುವ ಅಪರಿಚಿತ ಅಂಗಡಿ ನಿಜವೋ ನಕಲಿಯೋ ನೋಡಲೂ ಅವರದೊಂದು ಫೇಕ್‌ಶಾಪ್ ಫೈಂಡರ್ ಇದೆ.

ಹಾಗಾಗಿ ಎಲ್ಲ ಭಾಗಗಳನ್ನೂ ಒಂದೇ ವಾರದಲ್ಲಿ ತರಿಸಿ, ಬಂದ ವಾರಾಂತ್ಯವೇ ಜೋಡಿಸಿ. ಆಫರ್ ಕಾಯುತ್ತಾ ತಿಂಗಳಿಗೊಂದು ಕೊಂಡರೆ ಮೊದಲ ಭಾಗದ 14 ದಿನ ಡಬ್ಬಿಯಲ್ಲೇ ಮುಗಿದಿರುತ್ತದೆ. ಅಂಚೆ ಪೆಟ್ಟಿಗೆ ಮತ್ತು ಬೆಲ್ ಮೇಲೆ ನಿಮ್ಮ ಹೆಸರು ಇರಲಿ. ಹೆಸರಿಲ್ಲದ ಬಾಗಿಲಿನಿಂದ ಪಾರ್ಸೆಲ್ ವಾಪಸ್ ಹೋಗುತ್ತದೆ.

ಹಳೆಯ ಸಾಮಾನಿಗೆ ಕ್ಲೈನ್‌ಆನ್‌ಟ್ಸೈಗನ್ ಅನ್ನುವ ಜಾಹೀರಾತು ತಾಣ ನೋಡಬಹುದು. ಅಲ್ಲಿ ಮಾರುವ ಖಾಸಗಿ ಜನ ಸಾಮಾನ್ಯವಾಗಿ ಯಾವ ಹೊಣೆಯೂ ಇಲ್ಲ ಅಂತ ಮೊದಲೇ ಬರೆದಿರುತ್ತಾರೆ, ಅದು ಕಾನೂನಿಗೆ ಸರಿ. ಕ್ಯಾಬಿನೆಟ್, ಮಾನಿಟರ್ ಹೋಗಿ ನೋಡಿ ತನ್ನಿ. ಎಸ್‌ಎಂಪಿಎಸ್ ಮಾತ್ರ ಹಳೆಯದು ಬೇಡ. ಪೇಪಾಲ್‌ನಲ್ಲಿ 'ಗೆಳೆಯರಿಗೆ' ಅನ್ನುವ ದಾರಿಯಲ್ಲಿ ಕಳಿಸಿ ಅಂದರೆ ಅಲ್ಲಿಗೇ ನಿಲ್ಲಿಸಿ, ಅದಕ್ಕೆ ಕೊಳ್ಳುವವರ ರಕ್ಷಣೆ ಇಲ್ಲ.

ಮುಂದೆ ಊರಿಗೆ ಒಯ್ಯುವುದಾದರೆ

ನಮ್ಮಲ್ಲಿ ಬಹಳ ಮಂದಿ ಕೆಲವು ವರ್ಷಕ್ಕೆ ಮರಳುತ್ತಾರೆ. ಯಂತ್ರ ಆರಿಸುವಾಗಲೇ ಕಲಬುರಗಿಯ ಮೇ ತಿಂಗಳು ನೆನಪಿರಲಿ. ಇಲ್ಲಿನ 20 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ 70 ತೋರಿಸಿದರೆ, ಅಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 90ಕ್ಕೆ ಏರುತ್ತದೆ. ಮುಂದೆ ಗಾಜು ಮುಚ್ಚಿದ ಚೆಂದದ ಕ್ಯಾಬಿನೆಟ್ ಬಿಡಿ. ಮುಂದೆ ಜಾಳಿಗೆ ಇರುವ, ಧೂಳಿನ ಫಿಲ್ಟರ್ ಬಿಚ್ಚಿ ತೊಳೆಯಲು ಬರುವ ಕ್ಯಾಬಿನೆಟ್ ತಗೊಳ್ಳಿ. ಕೂಲರ್‌ಗೆ ಇನ್ನೊಂದು 20 ಯೂರೋ ಹಾಕಿದರೆ ನಷ್ಟ ಇಲ್ಲ.

ವೋಲ್ಟೇಜ್ ಎರಡೂ ಕಡೆ 230, ಚಿಂತೆ ಇಲ್ಲ. ಕರೆಂಟು ಹೋಗಿ ಬರುವ ಊರಿಗೆ ಯುಪಿಎಸ್ ಬೇಕು, ಗೋಡೆಯ ಕರೆಂಟಿನಂಥದೇ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಬಗೆಯದಾದರೆ ಒಳ್ಳೆಯದು. ವಿಮಾನ ಹತ್ತುವ ಮುಂಚೆ ಗ್ರಾಫಿಕ್ಸ್ ಕಾರ್ಡ್ ಮತ್ತು ದೊಡ್ಡ ಕೂಲರ್ ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಅವುಗಳ ಭಾರಕ್ಕೆ ಬೋರ್ಡ್ ಬಿರುಕು ಬಿಡಬಹುದು. ಹೈದರಾಬಾದ್‌ನಲ್ಲಿ ಇಳಿದಾಗ ಕಸ್ಟಮ್ಸ್‌ಗೆ ತೋರಿಸಲು ಬಿಲ್ಲುಗಳು ಕೈಯಲ್ಲಿರಲಿ. 18 ತುಂಬಿದವರಿಗೆ ಒಂದು ಲ್ಯಾಪ್‌ಟಾಪ್‌ಗೆ ಇರುವ ಸುಂಕದ ವಿನಾಯಿತಿ ಡೆಸ್ಕ್‌ಟಾಪ್‌ಗೆ ಇಲ್ಲ.

ಜರ್ಮನಿಯ ದಪ್ಪ ಪಿನ್ನಿನ ವೈರ್ ಒಯ್ಯಬೇಡಿ. ಅಡಾಪ್ಟರ್ ಹಾಕಿ ಓಡಿಸಿದರೆ ಎಷ್ಟೋ ಸಲ ಅರ್ಥಿಂಗ್ ಸಿಗುವುದಿಲ್ಲ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಕಡೆಯ ತುದಿ ಎಲ್ಲ ದೇಶದಲ್ಲೂ ಒಂದೇ. ನಮ್ಮ ಮೂರು ಪಿನ್ನಿನ ವೈರ್ ಸೂಪರ್ ಮಾರ್ಕೆಟ್‌ನ ಆ ಅಂಗಡಿಯಣ್ಣನ ಹತ್ತಿರವೇ ಸಿಗುತ್ತದೆ.