ಸೆರಗಿಗೆ ನುಸಿ ಹತ್ತಿದ್ರ ಏನ್ ಮಾಡಬೇಕು: ರೇಷ್ಮಿ ಸೀರಿ, ಕಂಬಳಿ, ಸ್ವೆಟರ್ ಉಳಿಸ್ಕೊಳ್ಳೋ ದಾರಿ

ಹೋದ ವರ್ಷ ಪಂಚಮಿ ಮುಂದ ಅವ್ವ ಟ್ರಂಕಿನ ತಳದಾಗಿಂದ ತನ್ನ ಮದವಿ ಇಳಕಲ್ ಸೀರಿ ತಗದ್ಲು, ಉಡಾಕಲ್ಲ, ಮೊಮ್ಮಗಳಿಗೆ ತೋರ್ಸಾಕ. ಒಡಲು ನೆಟ್ಟಗ ಇತ್ತು, ಒಂದು ತೂತಿಲ್ಲ. ಸೆರಗು ಬಿಚ್ಚಿ ಕಿಡಕಿ ಬೆಳಕಿಗೆ ಹಿಡದ್ರ ಜರಡಿ ಆಗಿ ಕುಂತೈತಿ. ಮಡಿಕಿ ಸಂದ್ಯಾಗ ಕೆಂಪು ಪುಡಿ ಇತ್ತು, ಅವ್ವ ಅದನ್ನ ಕುಂಕುಮ ಅಂದ್ಕೊಂಡು ಒರಸಾಕ ಹೋದ್ಲು. "ತಡಿ ಬೇ, ಒರಸಬ್ಯಾಡ, ಅದು ಕುಂಕುಮ ಅಲ್ಲ" ಅಂತ ನಾ ಅದನ್ನ ಬಿಳಿ ಹಾಳಿ ಮ್ಯಾಲ ಉದುರಿಸಿ ನೋಡಿದೆ, ಗಸಗಸಿಗಿಂತ ಸಣ್ಣವು, ದುಂಡಗ, ಕೆಂಪಗ. ಹುಳದ ಹಿಕ್ಕಿ ಅದು. ಹುಳ ಯಾವ ಬಣ್ಣದ ಎಳಿ ತಿಂತೈತೋ ಹಿಕ್ಕಿನೂ ಅದ ಬಣ್ಣ ಬರ್ತೈತಿ, ಹಿಂಗಾಗಿ ಕೆಂಪು ಸೆರಗಿನಾಗ ಕುಂಕುಮದಂಗ ಕಾಣ್ತೈತಿ, ಕರೀ ಕಂಬಳ್ಯಾಗ ಮಣ್ಣಿನಂಗ ಕಾಣ್ತೈತಿ, ಮಂದಿ ಝಾಡಿಸಿ ಮತ್ತ ಅಲ್ಲೇ ಮಡಚಿ ಇಟ್ಟುಬಿಡ್ತಾರ.

ಒಡಲು ಬಿಟ್ಟು ಸೆರಗನ್ನ ಯಾಕ ತಿಂತು ಅಂದ್ರ, ಇಳಕಲ್ ಸೀರಿ ಒಡಲಿಗೆ ಹತ್ತಿ ನೂಲು, ಸೆರಗಿಗೆ ರೇಷ್ಮಿ, ಎರಡನ್ನೂ ಮಗ್ಗದ ಮ್ಯಾಲ ಕೊಂಡಿ ಹಾಕಿ ಜೋಡಿಸಿರ್ತಾರ. ಈ ನುಸಿ ಹುಳಕ್ಕ ಬೇಕಾಗಿದ್ದು ಪ್ರಾಣಿಯಿಂದ ಬಂದ ಎಳಿ. ಕುರಿ ಉಣ್ಣಿ, ಕೂದಲಾ, ಪುಕ್ಕ, ರೇಷ್ಮಿ. ಹತ್ತಿ ಅದಕ್ಕ ಊಟ ಅಲ್ಲ. ಹತ್ತಿಗೆ ಬೆವರು, ಎಣ್ಣಿ, ಸಾರಿನ ಕಲಿ ಹತ್ತಿದ್ರ ಅಲ್ಲಿ ಕಡಿಬಹುದು, ಇಲ್ಲಾಂದ್ರ ಬಿಡ್ತೈತಿ. ನವಲಗುಂದ ಜಮಖಾನಿ ಹತ್ತೀದು, ಅದರ ಚಿಂತಿ ಬ್ಯಾಡ. ನಿಮ್ಮ ಸೆರಗು ಖರೇ ರೇಷ್ಮಿನೋ ಆರ್ಟ್ ಸಿಲ್ಕೋ ಗೊತ್ತಿಲ್ಲಾಂದ್ರ ತುದಿಯಿಂದ ಒಂದು ಎಳಿ ಕಿತ್ತು ಸುಟ್ಟು ನೋಡ್ರಿ, ಕೂದಲಾ ಸುಟ್ಟ ವಾಸನಿ ಬಂದು ಬೂದಿ ಬಳ್ಳಾಗ ಪುಡಿ ಆದ್ರ ಅದು ರೇಷ್ಮಿ, ಕಾಗದ ಸುಟ್ಟಂಗ ವಾಸನಿ ಬಂದ್ರ ಆರ್ಟ್ ಸಿಲ್ಕ್. ಖರೇ ರೇಷ್ಮಿ ಇದ್ದಿದ್ದನ್ನ ಬ್ಯಾರೆ ತಗದು ಇಡ್ರಿ, ಮೊದಲ ಕಾಯಬೇಕಾಗಿದ್ದು ಅದನ್ನ.

ಈಗ ಹುಳ ಗುರ್ತು ಹಿಡಿಯೋದು. ಭಾಳ ಮಂದಿ ಹಾರೂ ಹುಳ ಕಂಡಕೂಡ್ಲೆ ಅದನ್ನ ಚಪ್ಪಾಳಿ ಹೊಡದು ಕೊಂದು ಕೆಲಸ ಮುಗೀತು ಅಂತಾರ, ಆದ್ರ ಹಾರೂ ಹುಳ ಏನೂ ತಿನ್ನೂದಿಲ್ಲರಿ, ಅದಕ್ಕ ತಿನ್ನಾಕ ಬಾಯಿನ ಇರೂದಿಲ್ಲ ಅಂದ್ರೂ ನಡೀತೈತಿ. ಅದು ಬರೇ ತತ್ತಿ ಇಡೂದಕ್ಕ ಇರೂದು. ತಿನ್ನೂದು ಮರಿ ಹುಳ, ಅದು ಮಡಿಕಿ ಒಳಗ ಕತ್ತಲದಾಗ ಇರ್ತೈತಿ. ಹಾರೂ ಹುಳ ಜೀರಗಿಗಿಂತ ಚೂರು ಉದ್ದ, 6ರಿಂದ 8 ಮಿಲಿಮೀಟರ್, ಒಣಗಿದ ಕಣಿಕಿ ಬಣ್ಣ, ರೆಕ್ಕಿ ಮ್ಯಾಲ ಬಂಗಾರದ ಹೊಳಪು, ತಲಿ ಮ್ಯಾಲ ಕೆಂಚ ಕೂದಲಾ. ಅದರ ನಡತಿ ನೋಡಿದ್ರ ಇನ್ನೂ ಲಗೂ ಗೊತ್ತಾಗ್ತೈತಿ, ಲೈಟಿನ ಕಡೆ ಬರೂದಿಲ್ಲ, ತಿಜೋರಿ ಬಾಗಲಾ ತಗದ್ರ ಹಾರೂದ್ಕಿಂತ ಹೆಚ್ಚಾಗಿ ಓಡಿ ಮಡಿಕ್ಯಾಗ ಹೊಕ್ಕೋತೈತಿ. ರಾತ್ರಿ ಟ್ಯೂಬ್‌ಲೈಟ್ ಸುತ್ತ ತಿರಗೂ ಹುಳ ಇದಲ್ಲ, ಅವು ಹೊರಗಿನವು. ಅಡಗಿಮನ್ಯಾಗ ಹಿಟ್ಟಿನ ಡಬ್ಬಿ ಸುತ್ತ ಹಾರೂವು ಕಾಳಿನ ಹುಳ, ಅವಕ್ಕೂ ನಿಮ್ಮ ಸೀರಿಗೂ ಸಂಬಂಧಿಲ್ಲ.

ಮರಿ ಹುಳ ಬಿಳಿ ಮೈ, ಕಂದು ತಲಿ, ದೊಡ್ಡದಾದಾಗ ಒಂದು ಸೆಂಟಿಮೀಟರ್ ಆಸುಪಾಸು. ಒಂದು ಜಾತಿ ಜೇಡರ ಬಲಿ ಹಂಗ ನೂಲು ನೇಯ್ದು ಅದರ ಕೆಳಗ ಕುಂತು ತಿಂತೈತಿ, ಅರಿವಿ ಮ್ಯಾಲ ಬೆಳ್ಳನ ತೆಳು ಪರದಿ ಕಂಡ್ರ ಅದ. ಇನ್ನೊಂದು ಅದ ಅರಿವಿ ಎಳಿ ಕಡದು ತನಗೊಂದು ಚೀಲ ಮಾಡ್ಕೊಂಡು ಅದನ್ನ ಹೊತ್ಕೊಂಡ ತಿರಗತೈತಿ. ಗ್ವಾಡಿ ಮ್ಯಾಲ ಸೌತಿ ಬೀಜದ ಆಕಾರದ ಬೂದಿ ಬಣ್ಣದ ಚೀಲ ನೇತಾಡೂದು ಎಲ್ಲಾರ ಮನ್ಯಾಗೂ ನೋಡಿರ್ತೀರಿ, ಅದು ಇದರ ಬಳಗದ್ದ, ಆದ್ರ ಅದರ ಮುಖ್ಯ ಊಟ ಜೇಡರ ಬಲಿ, ಸತ್ತ ಹುಳ, ಉದುರಿದ ಕೂದಲಾ. ಉಣ್ಣಿ ಸಿಕ್ರ ಅದನ್ನೂ ಬಿಡೂದಿಲ್ಲ, ಹಿಂಗಾಗಿ ಕಂಡಲ್ಲೆ ಗುಡಿಸಿ ಹೊರಗ ಹಾಕ್ರಿ. ಮೈತುಂಬ ಕೂದಲಾ ಇರೂ ಕಂದು ಹುಳ, ಅದರ ಒಣ ಪೊರಿ ಉದುರಿದ್ದು ಕಂಡ್ರ ಅದು ಬ್ಯಾರೆ, ಕಾರ್ಪೆಟ್ ಬೀಟಲ್ ಅಂತಾರ, ಅದಕ್ಕೂ ಉಪಾಯ ಇದ. ಗಂಜಿ ಹಾಕಿದ ಹತ್ತಿ ಅರಿವಿ ಮ್ಯಾಲ ಕೆರದಂಗ ಆಗಿದ್ರ ಅದು ಸಿಲ್ವರ್ ಫಿಶ್ ಕೆಲಸ, ಅದಕ್ಕ ಬೇಕಾಗಿದ್ದು ಗಂಜಿ.

ಗುರ್ತು ಸಿಕ್ಕಮ್ಯಾಲ ಸೀರಿ ಬಿಟ್ಟು ಮೂಲ ಹುಡುಕ್ರಿ. ಇದನ್ನ ಯಾರೂ ಮಾಡೂದಿಲ್ಲ, ಅದಕ್ಕ ಮುಂದಿನ ವರ್ಷ ಮತ್ತ ಅದ ಗೋಳು. ನಮ್ಮನ್ಯಾಗ ಮೂಲ ಟ್ರಂಕಿನ್ಯಾಗ ಇರಲೇ ಇಲ್ಲ, ಟ್ರಂಕಿನ ಕೆಳಗ ಹಾಸಿದ್ದ ಅಜ್ಜನ ಕರೀ ಕಂಬಳ್ಯಾಗ ಇತ್ತು, ತುಕ್ಕು ಹಿಡೀಬಾರ್ದಂತ ಯಾರೋ ಹಾಸಿದ್ರು, ಅದನ್ನ ಎಷ್ಟೋ ವರ್ಷ ಎತ್ತೇ ಇರಲಿಲ್ಲ. ಎತ್ತಿದ್ರ ಅರ್ಧ ಕಂಬಳಿ ಪುಡಿಯಾಗಿ ಕೈಯಾಗ ಬಂತು. ಹಂಗ ನಿಮ್ಮನ್ಯಾಗೂ ತಿಜೋರಿ ಹಿಂದ, ಮಂಚದ ಕೆಳಗ, ಬಾಗಲಾ ಸಂದ್ಯಾಗ ಕೂಡಿದ ಕೂದಲಾ ಧೂಳು, ಜಂತಿ ಮ್ಯಾಗಿನ ಗುಬ್ಬಿ ಗೂಡು, ಕಿಡಕಿ ಮ್ಯಾಲಿನ ಪಾರಿವಾಳದ ಗೂಡು ಎಲ್ಲಾ ನೋಡ್ರಿ. ಹಕ್ಕಿ ಗೂಡು ಈ ಹುಳದ ಹಳೇ ಮನಿ. ಭಜನಿ ಹಾರ್ಮೋನಿಯಂ ಇದ್ರ ಅದನ್ನೂ ಬಿಚ್ಚಿ ನೋಡ್ರಿ, ಒಳಗ ಉಣ್ಣಿ ಫೆಲ್ಟ್ ಇರ್ತೈತಿ, ಅದನ್ನ ತಿಂದ್ರ ಸುರ ಕೆಡ್ತೈತಿ.

ಆಮ್ಯಾಲ ಎಲ್ಲಾ ಅರಿವಿ ಮಾಳಿಗಿಗೆ ಒಯ್ಯಿರಿ, ಒಳಗ ಝಾಡಿಸಬ್ಯಾಡ್ರಿ, ತತ್ತಿ ಇನ್ನೊಂದು ಖೋಲಿಗೆ ಹೋಗ್ತಾವ. ಮೆತ್ತನ ಬ್ರಷ್‌ಲೆ ಹೊಲಿಗಿ ಸಂದಿ, ಕಾಲರ್, ಜೇಬು, ದಡಿ ಎಲ್ಲಾ ಉಜ್ಜರಿ, ಉಜ್ಜಿದ್ರ ತತ್ತಿ ಉದುರ್ತಾವ. ಕಂಬಳಿ, ಸ್ವೆಟರ್‌ಗೆ ಬಿಸಲು ಭಾಳ ಚಲೋ. ಎಪ್ರಿಲ್-ಮೇದಾಗ ನಮ್ಮ ಬಾಗಲಕೋಟಿ, ವಿಜಯಪುರದ ಬಿಸಲಿಗೆ ಕರೀ ಕಂಬಳಿ ಮುಟ್ಟಾಕ ಆಗೂದಿಲ್ಲ ಅಷ್ಟು ಕಾಯ್ತೈತಿ, ಮ್ಯಾಲ ಕೆಳಗ ಮಾಡಿ ಮೂರ್ನಾಕು ದಿನ ಹಾಕ್ರಿ. ಒಳಗಿನ ಎಳಿ ತನಕ 55 ಡಿಗ್ರಿ ಕಾವು ಅರ್ಧ ತಾಸಿಗಿಂತ ಹೆಚ್ಚು ಕುಂತ್ರ ತತ್ತಿನೂ ಉಳಿಯೂದಿಲ್ಲ. ಖಾಲಿ ತಗಡಿನ ಟ್ರಂಕನ್ನೂ ಬಾಗಲಾ ತಗದು ಅಲ್ಲೇ ಬಿಸಲಿಗೆ ಇಡ್ರಿ, ಮೂಲಿ ಮೂಲಿ ಬ್ರಷ್ ಹಾಕ್ರಿ. ರೇಷ್ಮಿಯನ್ನ ಮಾತ್ರ ನೆಟ್ಟ ಬಿಸಲಿಗೆ ಹಾಕಬ್ಯಾಡ್ರಿ, ಬಣ್ಣ ಹೋಗ್ತೈತಿ, ಎಳಿ ಬಿರುಸಾಗಿ ಮಡಿಕ್ಯಾಗ ಹರಿತೈತಿ. ನೆಳ್ಳಿಗೆ ಗಾಳ್ಯಾಡಿಸ್ರಿ.

ರೇಷ್ಮಿಗೆ ಫ್ರೀಜರ್ ಬೇಕು. ನನ್ನ ತಂಗಿ ಬೆಳಗಾವ್ಯಾಗ ಇರ್ತಾಳ, ಅಲ್ಲಿ ಜೂನ್‌ದಿಂದ ಸೆಪ್ಟೆಂಬರ್ ತನಕ ಬಿಸಲು ನಂಬಾಕ ಬರೂದಿಲ್ಲ, ಅಕಿ ಸ್ವೆಟರ್ ಸೈತ ಫ್ರೀಜರ್‌ನ್ಯಾಗ ಇಡ್ತಾಳ. ಸೀರಿಯನ್ನ ಹಳೇ ಧೋತರದಾಗ ಸುತ್ತಿ ಪ್ಲಾಸ್ಟಿಕ್ ಚೀಲಕ್ಕ ಹಾಕಿ ಗಾಳಿ ಒತ್ತಿ ತಗದು ಬಿಗಿ ಕಟ್ಟಬೇಕು, ಮೈನಸ್ 18 ಡಿಗ್ರಿಗೆ ಕಮ್ಮಿ ಅಂದ್ರ ಒಂದು ವಾರ. ಒಂದ ಬಾಗಲಾದ ಸಣ್ಣ ಫ್ರಿಜ್‌ನ ಐಸ್ ಖಾನಿ ಅಷ್ಟು ತಂಪು ಹಿಡಿಯೂದಿಲ್ಲ, ಫ್ರೀಜರ್‌ಗೆ ಬ್ಯಾರೆ ಬಾಗಲಾ ಇರೂದ ಬೇಕು. ಕರೆಂಟ್ ಹೋಗಿ ಬಂದು ಮಾಡ್ತಿದ್ರ ಎರಡು ವಾರ ಬಿಡ್ರಿ. ಹೊರಗ ತಗದಕೂಡ್ಲೆ ಚೀಲ ಬಿಚ್ಚಬ್ಯಾಡ್ರಿ, ತಂಪು ಅರಿವಿಗೆ ಗಾಳಿ ತಾಗಿದ್ರ ನೀರು ಕೂಡತೈತಿ, ರೇಷ್ಮಿಗೆ ಕಲಿ ಬೀಳ್ತೈತಿ, ಜರಿ ಕರ್ರಗಾಗ್ತೈತಿ. ಒಂದು ಪೂರ್ತಿ ದಿನ ಹಂಗ ಇಟ್ಟು ಆಮ್ಯಾಲ ಬಿಚ್ಚರಿ. ಡ್ರೈಕ್ಲೀನ್ ಮಾಡಿಸಿದ್ರೂ ತತ್ತಿ, ಮರಿ ಎಲ್ಲಾ ಸಾಯ್ತಾವ, ಫ್ರೀಜರ್ ಇಲ್ದವರು ಅದನ್ನ ಮಾಡ್ರಿ.

ಡಾಂಬರ ಗುಳಿಗಿ ಬಗ್ಗೆ ಸ್ವಲ್ಪ ಹೆಚ್ಚ ಬರೀತೀನಿ, ಯಾಕಂದ್ರ ಎಲ್ಲಾರೂ ಅದನ್ನ ಹಾಕಿ ನಿಶ್ಚಿಂತಿ ಆಗ್ತಾರ. ಗುಳಿಗಿ ಕೆಲಸ ಮಾಡೂದು ಅದರ ಆವಿ ಗಟ್ಟಿ ಮುಚ್ಚಿದ ಡಬ್ಬ್ಯಾಗ ತುಂಬಿ ನಿಂತಾಗ ಅಷ್ಟ. ತಿಜೋರಿ ಬಾಗಲಾ ದಿನಾ ತಗದು ಹಾಕೂದಾದ್ರ ವಾಸನಿ ನಮ್ಮ ಮೂಗಿಗೆ ಬರ್ತೈತಿ, ಹುಳಕ್ಕ ಏನೂ ಆಗೂದಿಲ್ಲ. ನಮ್ಮ ಟ್ರಂಕಿನ್ಯಾಗೂ ಗುಳಿಗಿ ಇದ್ವು, ಸವದು ಸವದು ಸಾಬೂದಾನಿ ಕಾಳಿನಷ್ಟಾಗಿದ್ವು. ಇಡೂದ ಆದ್ರ ಅರಿವಿ ಚೀಲದಾಗ ಕಟ್ಟಿ ಮ್ಯಾಲ ಇಡ್ರಿ, ಆವಿ ಗಾಳಿಗಿಂತ ಭಾರ, ಕೆಳಗ ಇಳೀತೈತಿ, ಜರಿಗೆ ತಾಗಿಸಬ್ಯಾಡ್ರಿ. ಕರ್ಪೂರದ ಜೋಡಿ ಕೂಡಿಸಿ ಇಡಬ್ಯಾಡ್ರಿ, ಎರಡೂ ಕೂಡಿ ಕರಗಿ ಎಣ್ಣಿ ಹಂಗಾಗಿ ಕಲಿ ಬೀಳ್ತೈತಿ.

ಕೂಸು ಇರೂ ಮನ್ಯಾಗಂತೂ ಕೈ ಮುಗದು ಕೇಳ್ಕೋತೀನಿ, ಗುಳಿಗಿ ಹಾಕಿಟ್ಟ ಕುಂಚಿಗಿ, ದುಪಟಿ, ಸ್ವೆಟರ್ ತಗದು ಹಂಗ ಕೂಸಿಗೆ ಹಾಕಬ್ಯಾಡ್ರಿ. ಜಿ6ಪಿಡಿ ಅಂತ ರಕ್ತದ ಕೆಂಪು ಕಣ ಕಾಯೂ ಒಂದು ಎಂಜೈಮ್ ಇರ್ತೈತಿ, ಅದರ ಕೊರತಿ ಹುಟ್ಟಿನಿಂದ ಇರೂ ಕೂಸುಗಳಿಗೆ ಈ ಆವಿ ತಾಗಿದ್ರ ರಕ್ತದ ಕೆಂಪು ಕಣ ಒಡದು ಕಾಮಣಿ ಏರ್ತೈತಿ, ಜೀವಕ್ಕ ಅಪಾಯ. ಕೊರತಿ ಐತೋ ಇಲ್ಲೋ ನಮಗ ನೋಡಿದ್ರ ಗೊತ್ತಾಗೂದಿಲ್ಲ. ನಡದಾಡೂ ಹುಡುಗ್ರು ಅದನ್ನ ಪೆಪ್ಪರ್‌ಮಿಂಟ್ ಅಂತ ಬಾಯಾಗ ಹಾಕ್ಕೊಂಡ್ರ ವಾಂತಿ ಮಾಡಿಸಬ್ಯಾಡ್ರಿ, ನೆಟ್ಟಗ ದವಾಖಾನಿಗೆ ಒಯ್ಯಿರಿ, ಗುಳಿಗಿ ಪಾಕೀಟೂ ಸಂಗಾಟ ಇರಲಿ.

ಬೇವಿನ ತಪ್ಪಲಾ ಹಾಕೂದು ನಮ್ಮ ಕಡೆ ರೂಢಿ, ಬಿಡ್ರಿ ಅಂತ ನಾ ಅನ್ನೂದಿಲ್ಲ, ಪೂರ್ತಿ ಒಣಗಿಸಿ ಹಾಕ್ರಿ, ಹಸೀದು ಹಾಕಿದ್ರ ಬೂಷ್ಟು ಬರ್ತೈತಿ. ಆದ್ರ ಒಳಗ ಆಗಲೇ ಇರೂ ಮರಿ ಹುಳ ತಪ್ಪಲಾ ನೋಡಿ ಸಾಯೂದಿಲ್ಲ. ಮೊದಲ ಬಿಸಲು ಇಲ್ಲಾ ಫ್ರೀಜರ್, ಆಮ್ಯಾಲ ಬೇವು.

ತಿರಗಿ ಇಡೂ ಮುಂದ ಅರಿವಿ ಒಗದು ಪೂರ್ತಿ ಒಣಗಿರಬೇಕು. ಮದವ್ಯಾಗ ಎರಡ ತಾಸು ಉಟ್ಟ ಸೀರಿ ಅಂತ ಹಂಗ ಮಡಚಿ ಇಟ್ರ ಬೆವರು, ಅರಿಷಿಣ, ಎಣ್ಣಿ ಕಲಿ ಇದ್ದ ಜಾಗಾನ ಹುಳ ಮೊದಲ ಹುಡುಕ್ಕೊಂಡ ಬರ್ತೈತಿ. ಗುಳೇದಗುಡ್ಡ ಖಣದ ಜಂಪರ್ ಬಗಲಾಗ ತೂತ ಬೀಳೂದು ಇದಕ್ಕ. ಶುದ್ಧ ಹತ್ತಿ ಚೀಲ ಹೊಲದು ಒಂದೊಂದ ಸೀರಿ ಹಾಕಿ ಬಾಯಿ ಬಿಗಿ ಕಟ್ಟರಿ. ಬೆಚ್ಚಗಿನ ದಿನದಾಗ ತತ್ತಿ 4ರಿಂದ 10 ದಿನದೊಳಗ ಒಡೀತಾವ, ಮರಿ ಮಾತ್ರ ಊಟ, ಕಾವು ನೋಡಿ ಎರಡು ತಿಂಗಳೂ ಇರ್ತೈತಿ, ಎರಡು ವರ್ಷನೂ ಇರ್ತೈತಿ, ಹಿಂಗಾಗಿ ಮೊದಲ ಮೂರು ವಾರಕ್ಕೊಮ್ಮೆ, ಆಮ್ಯಾಲ ತಿಂಗಳಿಗೊಮ್ಮೆ ಬಿಚ್ಚಿ ನೋಡ್ರಿ, ಮಡಿಕಿ ಬದಲಿ ಮಾಡ್ರಿ.

ಸಣ್ಣ ತೂತಿದ್ರ ರಫೂ ಮಾಡೋರ ಕಡೆ ಕೊಡಬಹುದು, ಕೊಡೂ ಮುಂಚೆ ಫ್ರೀಜರ್ ಮುಗಿಸಿ ಕೊಡ್ರಿ, ಇಲ್ಲಾಂದ್ರ ಅವರ ಅಂಗಡ್ಯಾಗ ಇದ್ದ ಮಂದಿ ಸೀರಿಗೂ ಹತ್ತುತೈತಿ. ಅವ್ವನ ಸೆರಗು ರಫೂ ಆಗೂ ಹಂಗ ಇರಲಿಲ್ಲ. ತುದಿ ಕಡೆ ಒಂದು ಮೊಳ ತೋಪ ತೆನಿ, ಅಂದ್ರ ಇಳಕಲ್ ಸೆರಗಿನ ಚಿತ್ತಾರ, ಚಲೋ ಉಳದಿತ್ತು, ಅಷ್ಟನ್ನ ಅವ್ವ ತಾನ ಕತ್ತರಸಿ ತಂಗಿಗೆ ಹುಟ್ಟೂ ಕೂಸಿಗೆ ಕುಂಚಿಗಿ ಹೊಲದ್ಲು. ಅದು ಈಗ ಧೋತರದ ಚೀಲದಾಗ ಐತಿ, ಗುಳಿಗಿ ಇಲ್ದ, ತಿಂಗಳಿಗೊಮ್ಮೆ ಅವ್ವನ ಬಿಚ್ಚಿ ಬೆಳಕಿಗೆ ಹಿಡದು ನೋಡ್ತಾಳ.